ದೂರದ ತರಗತಿಯಲ್ಲಿ ಚರ್ಚೆಯ ಸ್ಥಾನ

ಬೋಧನೆಯೆಂಬುದು ಬಲ್ಲವನೊಬ್ಬನು ಅರಿಯದವರಿಗೆ ಹೇಳುವ ಕ್ರಿಯೆಯಷ್ಟೇ ಅಲ್ಲವೆಂಬುದನ್ನು ನಮ್ಮ ಬೋಧಕವರ್ಗದವರಿಗೆ ಹೊಸದಾಗಿ ತಿಳಿಸಬೇಕಾದುದಿಲ್ಲ. ಆದರೂ 2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳ ಬಾಗಿಲು ಮುಚ್ಚಿ ಪಾಠಗಳೆಲ್ಲ ಮೊಬೈಲ್ ಫೋನಿನೊಳಗೆ ಹೊಕ್ಕಾಗ ನಡೆದುದು ಬಹುಮಟ್ಟಿಗೆ ಹೇಳುವ ಕ್ರಿಯೆಯೊಂದೇ. ಅಧ್ಯಾಪಕರು ಮಾತನಾಡಿದರು, ಮಕ್ಕಳು ಧ್ವನಿ ಮುಚ್ಚಿಕೊಂಡು ಕೇಳಿದರು, ಅಥವಾ ಕೇಳಿದಂತೆ ತೋರಿದರು. "ಅರ್ಥವಾಯಿತೇ?" ಎಂಬ ಪ್ರಶ್ನೆಗೆ "ಆಯಿತು ಸರ್" ಎಂಬ ನಾಲ್ಕಾರು ಪರಿಚಿತ ಕಂಠಗಳು ಉತ್ತರವಿತ್ತವು. ಉಳಿದ ಐವತ್ತು ಮಂದಿ ತೆರೆಯ ಮೇಲಿನ ಹೆಸರುಗಳಾಗಿ ಉಳಿದರು.

ಅದು ಸಂಕಟದ ಕಾಲ. ಆಗ ಯಾರೂ ಸಿದ್ಧರಿರಲಿಲ್ಲ. ಆದುದರಿಂದ ಯಾರನ್ನೂ ದೂಷಿಸುವುದು ತರವಲ್ಲ. ನಮ್ಮ ರಾಜ್ಯದಲ್ಲಿ 2020ರ ಆಗಸ್ಟ್‌ನಲ್ಲಿ ಆರಂಭವಾದ 'ವಿದ್ಯಾಗಮ'ದಡಿಯಲ್ಲಿ ಅಧ್ಯಾಪಕರು ಊರೂರಿಗೆ ನಡೆದು ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳಿದುದನ್ನು ಕೃತಜ್ಞತೆಯಿಂದ ನೆನೆಯಬೇಕು. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳಿಗೆ 2021ರ ಜನವರಿ 1ರಂದು ಶಾಲೆ ತೆರೆಯಿತು; ಒಂದರಿಂದ ಐದನೆಯ ತರಗತಿಯ ಕಿರಿಯರಿಗಾದರೋ ಆ ವರ್ಷದ ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು. ಈಗ ಎಲ್ಲರೂ ಮರಳಿ ಕೊಠಡಿಗಳಲ್ಲಿದ್ದಾರೆ. ಹಾಗಾದರೆ ಆನ್‌ಲೈನ್ ತರಗತಿಯ ಮಾತನ್ನು ಈ ಸಂಚಿಕೆಯಲ್ಲಿ ಎತ್ತುವುದೇಕೆ ಎಂದು ವಾಚಕರು ಕೇಳಬಹುದು. ಎರಡು ಕಾರಣಗಳುಂಟು. ಆ ಕಾಲದಲ್ಲಿ ಕೊಂಡ ಉಪಕರಣಗಳೂ ರೂಢಿಯಾದ ವಾಟ್ಸಪ್ ಗುಂಪುಗಳೂ ಇನ್ನೂ ನಮ್ಮಲ್ಲಿವೆ, ಆದರೆ ಅವು ರಜೆಯ ಸೂಚನೆ ಮತ್ತು ಶುಲ್ಕದ ನೆನಪೋಲೆಗಳಿಗೆ ಮೀಸಲಾಗಿವೆ. ಎರಡನೆಯದಾಗಿ, ಕೊಠಡಿಯ ತರಗತಿಯಲ್ಲಿಯೂ ಬಾಯಿ ತೆರೆಯದ ಒಂದು ದೊಡ್ಡ ವಿದ್ಯಾರ್ಥಿ ಸಮೂಹ ನಮ್ಮ ಕಣ್ಣೆದುರಿಗೇ ಇದೆ. ದೂರದ ಚರ್ಚೆಯನ್ನು ತಕ್ಕ ರೀತಿಯಲ್ಲಿ ರೂಪಿಸಿದರೆ ಆ ಮೌನಿಗಳಿಗೆ ಅದೊಂದು ದಾರಿಯಾದೀತು ಎಂಬುದು ನನ್ನ ದೃಢವಾದ ಅಭಿಪ್ರಾಯ. ರೂಪಿಸದೆ ಬಿಟ್ಟರೆ ಅದು ಬರಿಯ ಗದ್ದಲ.

ದೂರದಲ್ಲಿದ್ದು ಕಲಿಯುವುದು ನಮಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿಯೇ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದರಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು. ಉದ್ಯೋಗದಲ್ಲಿದ್ದುಕೊಂಡೇ ಪದವೀಧರರಾದ ಎಷ್ಟೋ ಜನ ಅಧ್ಯಾಪಕರು ಅಂಚೆಯ ಪಾಠಗಳ ಋಣಿಗಳು. ಆದರೆ ಅಂಚೆಯ ಪಾಠದಲ್ಲಿ ಒಂದು ಕೊರತೆ ಇದ್ದೇ ಇತ್ತು. ಪಾಠ ವಿದ್ಯಾರ್ಥಿಗೆ ಬರುತ್ತಿತ್ತು, ಉತ್ತರ ಗುರುವಿಗೆ ಹೋಗುತ್ತಿತ್ತು. ರಾಯಚೂರಿನ ವಿದ್ಯಾರ್ಥಿಗೂ ಮಡಿಕೇರಿಯ ವಿದ್ಯಾರ್ಥಿಗೂ ನಡುವೆ ಮಾತಿಗೆ ಅವಕಾಶವಿರಲಿಲ್ಲ. ದೂರ ಶಿಕ್ಷಣದ ಅಮೆರಿಕದ ವಿದ್ವಾಂಸ ಮೈಕೆಲ್ ಮೂರ್ ಅವರು 1989ರಲ್ಲಿ ಕಲಿಕೆಯ ಸಂಬಂಧಗಳನ್ನು ಮೂರಾಗಿ ವಿಂಗಡಿಸಿದರು: ವಿದ್ಯಾರ್ಥಿಗೂ ಪಠ್ಯಕ್ಕೂ ನಡುವಣದು, ವಿದ್ಯಾರ್ಥಿಗೂ ಗುರುವಿಗೂ ನಡುವಣದು, ವಿದ್ಯಾರ್ಥಿಗೂ ವಿದ್ಯಾರ್ಥಿಗೂ ನಡುವಣದು. ಮೊದಲ ಎರಡನ್ನು ಅಂಚೆ ತಕ್ಕಮಟ್ಟಿಗೆ ನಿರ್ವಹಿಸಿತು. ಮೂರನೆಯದು ಗಣಕಯಂತ್ರ ಬರುವವರೆಗೆ ಕಾಯಬೇಕಾಯಿತು. ಇಲಿನಾಯ್ ವಿಶ್ವವಿದ್ಯಾನಿಲಯದ 'ಪ್ಲೇಟೋ' ಎಂಬ ಗಣಕ ವ್ಯವಸ್ಥೆಯಲ್ಲಿ 1973ರಲ್ಲಿಯೇ ಒಬ್ಬರು ಬರೆದಿಟ್ಟುದಕ್ಕೆ ಮತ್ತೊಬ್ಬರು ತಮ್ಮ ಬಿಡುವಿನಲ್ಲಿ ಉತ್ತರ ಬರೆಯುವ ಏರ್ಪಾಡು ಸಿದ್ಧವಾಗಿತ್ತು. ನಮ್ಮ ದೇಶದಲ್ಲಿ 2017ರ ಜುಲೈ 9ರಂದು ಉದ್ಘಾಟನೆಗೊಂಡ 'ಸ್ವಯಂ' ಯೋಜನೆಯೂ ಪ್ರತಿಯೊಂದು ಪಠ್ಯಕ್ರಮವನ್ನು ನಾಲ್ಕು ಪಾದಗಳ ಮೇಲೆ ನಿಲ್ಲಿಸಿತು: ದೃಶ್ಯಪಾಠ, ಓದುವ ಸಾಮಗ್ರಿ, ಸ್ವಂತ ಪರೀಕ್ಷೆ, ಚರ್ಚಾ ವೇದಿಕೆ. ಮೊದಲ ಮೂರು ಪಾದಗಳಿಗೆ ನಾವು ತೋರುವ ಆಸ್ಥೆಯನ್ನು ನಾಲ್ಕನೆಯದಕ್ಕೆ ತೋರುವುದಿಲ್ಲವೆಂಬುದು ನನ್ನ ದೂರು.

ಆನ್‌ಲೈನ್ ಚರ್ಚೆ ಎಂದೊಡನೆ ಎಲ್ಲರ ಮನಸ್ಸಿಗೂ ಬರುವುದು ಗೂಗಲ್ ಮೀಟ್ ಅಥವಾ ಜೂಮ್‌ನಲ್ಲಿ ಏಕಕಾಲಕ್ಕೆ ಎಲ್ಲರೂ ಕುಳಿತು ಮಾತನಾಡುವ ಚಿತ್ರ. ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಮಟ್ಟಿಗೆ ಇದು ಚರ್ಚೆಗೆ ಅತ್ಯಂತ ದುರ್ಬಲವಾದ ಸಾಧನವೆಂದು ನಾನು ತಿಳಿಯುತ್ತೇನೆ. ಏಕೆಂಬುದನ್ನು ತುಸು ವಿವರಿಸಬೇಕು.

ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ತರಗತಿಗಳ ಧ್ವನಿಮುದ್ರಿಕೆಗಳನ್ನು ಅಭ್ಯಾಸ ಮಾಡಿ 1974ರಲ್ಲಿ ಪ್ರಕಟಿಸಿದ ಸಂಗತಿಯೊಂದು ಪ್ರತಿಯೊಬ್ಬ ಅಧ್ಯಾಪಕರಿಗೂ ತಿಳಿದಿರತಕ್ಕದ್ದು. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಅಧ್ಯಾಪಕರು ಕಾಯುವ ಕಾಲ ಸಾಮಾನ್ಯವಾಗಿ ಒಂದು ಸೆಕೆಂಡು! ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅವರು ಪ್ರಶ್ನೆಯನ್ನು ಮತ್ತೆ ಹೇಳುತ್ತಾರೆ, ಇನ್ನೊಬ್ಬರನ್ನು ಕರೆಯುತ್ತಾರೆ, ಇಲ್ಲವೇ ತಾವೇ ಉತ್ತರಿಸಿಬಿಡುತ್ತಾರೆ. ಆ ಕಾಲವನ್ನು ಮೂರು ಸೆಕೆಂಡುಗಳಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಕಾರಣ ಸಹಿತವಾದವು, ನಿಧಾನದ ಮಕ್ಕಳೆಂದು ಹೆಸರಾದವರೂ ಮಾತನಾಡತೊಡಗಿದರು. ಎರಡು ಸೆಕೆಂಡುಗಳ ಅಂತರ ಇಷ್ಟು ಕೆಲಸ ಮಾಡುವುದಾದರೆ, ಎರಡು ದಿನಗಳ ಅವಕಾಶ ಏನು ಮಾಡಲಾರದು? ಬರೆಹದ ಮೂಲಕ ನಡೆಯುವ ನಿಧಾನದ ಚರ್ಚೆಯ ಶಕ್ತಿ ಇರುವುದು ಇಲ್ಲಿಯೇ. ಹುಡುಗಿಯೊಬ್ಬಳು ಪ್ರಶ್ನೆಯನ್ನು ಓದಿ, ದನಕ್ಕೆ ಮೇವು ಹಾಕುವಾಗ ಅದನ್ನು ಯೋಚಿಸಿ, ಅಜ್ಜಿಯನ್ನು ಒಂದು ಮಾತು ಕೇಳಿ, ರಾತ್ರಿ ನಾಲ್ಕು ಸಾಲು ಬರೆಯಬಹುದು. ತೆರೆಯ ಮುಂದಿನ ಭೇಟಿಯಲ್ಲಿ ಅವಳಿಗೆ ಆ ಒಂದು ಸೆಕೆಂಡೂ ದೊರೆಯದು. ಸಿಗ್ನಲ್ ಕಡಿದು ಧ್ವನಿ ಬರುವಷ್ಟರಲ್ಲಿ ಮಾತು ಮುಂದೆ ಸಾಗಿರುತ್ತದೆ.

ಇದಲ್ಲದೆ ತೆರೆಯ ಮುಂದಿನ ದಣಿವು ಬೇರೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಇದರ ಕಾರಣಗಳನ್ನು ಗುರುತಿಸಿದರು: ಮುಖಗಳೆಲ್ಲ ಅತಿ ಸಮೀಪದಿಂದ ಎವೆಯಿಕ್ಕದೆ ನೋಡುತ್ತಿರುವ ಅನುಭವ, ತನ್ನ ಮುಖವನ್ನೇ ತಾನು ಸದಾ ನೋಡುತ್ತಿರಬೇಕಾದ ಪಾಡು, ಅಲುಗಾಡದೆ ಕೂಡಬೇಕಾದ ಕಟ್ಟು, ಸನ್ನೆಗಳನ್ನು ಕಳಿಸುವುದಕ್ಕೂ ಗ್ರಹಿಸುವುದಕ್ಕೂ ಬೇಕಾಗುವ ಹೆಚ್ಚಿನ ಶ್ರಮ. ಕೇಂದ್ರ ಸರ್ಕಾರವು 2020ರ ಜುಲೈನಲ್ಲಿ ಹೊರಡಿಸಿದ 'ಪ್ರಜ್ಞಾತಾ' ಮಾರ್ಗಸೂಚಿಯೂ ಎಂಟನೆಯ ತರಗತಿಯವರೆಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿಗಳಿಗಿಂತಲೂ, ಒಂಬತ್ತರಿಂದ ಹನ್ನೆರಡರವರೆಗೆ ಅಂಥ ನಾಲ್ಕು ಅವಧಿಗಳಿಗಿಂತಲೂ ಹೆಚ್ಚು ಬೇಡವೆಂದು ಹೇಳಿತ್ತು. ಆ ನಲವತ್ತೈದು ನಿಮಿಷಗಳಲ್ಲಿ ಅರವತ್ತು ಮಂದಿಯ ಚರ್ಚೆ ಎಂದರೆ ತಲೆಗೆ ಮುಕ್ಕಾಲು ನಿಮಿಷ, ಅದೂ ಅಧ್ಯಾಪಕರು ಬಾಯಿ ತೆರೆಯದಿದ್ದರೆ. ಅಂಥ ಅಧ್ಯಾಪಕರನ್ನು ನಾನಿನ್ನೂ ಕಂಡಿಲ್ಲ.

ಆದುದರಿಂದ ಚರ್ಚೆಯೆಂದರೆ ಬರೆದು ನಡೆಸುವ ಚರ್ಚೆ ಎಂದಿಟ್ಟುಕೊಂಡು ಮುಂದುವರಿಯೋಣ. ಇದರ ಜೀವಾಳ ಪ್ರಶ್ನೆ. ಉಪಕರಣ ಯಾವುದಾದರೂ ಆಗಲಿ, ಗುಂಪು ಎಷ್ಟಾದರೂ ಇರಲಿ, ಪ್ರಶ್ನೆ ಕೆಟ್ಟದಾದರೆ ಎಲ್ಲವೂ ಕೆಟ್ಟಂತೆಯೇ. "ಕೆರೆಗಳ ಮಹತ್ವವನ್ನು ಚರ್ಚಿಸಿರಿ" ಎಂದು ಕೇಳಿದಿರಿ ಎನ್ನಿ. ಮೊದಲನೆಯ ವಿದ್ಯಾರ್ಥಿ ಪಠ್ಯಪುಸ್ತಕದ ಐದು ಅಂಶಗಳನ್ನು ಇಳಿಸುತ್ತಾನೆ. ಎರಡನೆಯವನಿಗೆ ಹೇಳಲು ಏನುಳಿಯಿತು? ಅವನೂ ಅವೇ ಐದನ್ನು ಹಿಂದುಮುಂದು ಮಾಡಿ ಬರೆಯುತ್ತಾನೆ. ಹತ್ತನೆಯವನು "ಮೇಲೆ ಹೇಳಿದ್ದು ಸರಿ" ಎಂದು ಬರೆದು ಮುಗಿಸುತ್ತಾನೆ. ಇವರನ್ನು ಸೋಮಾರಿಗಳೆಂದು ಬಯ್ಯುವುದು ಅನ್ಯಾಯ; ಪ್ರಶ್ನೆಯೇ ಪರೀಕ್ಷೆಯ ಪ್ರಶ್ನೆ, ಉತ್ತರ ಒಂದೇ, ಅದು ಪುಸ್ತಕದಲ್ಲಿದೆ. ಇದ್ದುದನ್ನು ಮತ್ತೊಮ್ಮೆ ಹೇಳುವುದಕ್ಕೆ ಚರ್ಚೆ ಎಂಬ ಹೆಸರೇಕೆ?

ಅದೇ ವಿಷಯವನ್ನು ಹೀಗೆ ಕೇಳಬಹುದು: "ನಿಮ್ಮ ಊರಿನ ಕೆರೆಯ ಹೂಳನ್ನು ಬೇಸಿಗೆಯಲ್ಲಿ ತೆಗೆಸಲು ಪಂಚಾಯಿತಿ ಮುಂದಾಗಿದೆ. ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ. ಟ್ರ್ಯಾಕ್ಟರ್ ಇದ್ದವರು ನೂರು ಗಾಡಿ ಒಯ್ಯಬಲ್ಲರು. ಎರಡು ಎಕರೆಯ ಬಡವನಿಗೆ ಒಯ್ಯುವ ಸಾಧನವಿಲ್ಲ. ಹೂಳನ್ನು ಹೇಗೆ ಹಂಚಬೇಕು? ನಿಮ್ಮ ತೀರ್ಮಾನಕ್ಕೆ ಬರುವ ಒಂದು ಆಕ್ಷೇಪಣೆಯನ್ನು ನೀವೇ ಹೇಳಿ ಅದಕ್ಕೆ ಸಮಾಧಾನ ಕೊಡಿರಿ." ಇಲ್ಲಿ ಎರಡು ಉತ್ತರಗಳು ಒಂದೇ ಆಗಲಾರವು. ರೈತನ ಮಗನಿಗೆ ಒಂದು ತಿಳಿದಿದೆ, ಮೀನು ಹಿಡಿಯುವವರ ಮಗಳಿಗೆ ಇನ್ನೊಂದು ತಿಳಿದಿದೆ, ಪಟ್ಟಣದ ವಕೀಲರ ಮಗನಿಗೆ ಎರಡೂ ತಿಳಿಯದು. ಯಾವಾಗಲೂ ಮೊದಲು ಕೈ ಎತ್ತುವ ವಕೀಲರ ಮಗ ಇಲ್ಲಿ ಕೇಳಿ ತಿಳಿಯುವವನಾಗುತ್ತಾನೆ. ತರಗತಿಯಲ್ಲಿ ಸ್ಥಾನಗಳು ಹೀಗೆ ಆಗಾಗ ಅದಲುಬದಲಾಗುವುದು ಆರೋಗ್ಯಕರ.

ಗಣಿತದಲ್ಲಿ ಚರ್ಚೆಗೆ ಎಡೆಯಿಲ್ಲವೆಂದು ಹೇಳುವವರುಂಟು. ಒಂದೇ ಲೆಕ್ಕಕ್ಕೆ ಎರಡು ಬಿಡಿಕೆಗಳನ್ನು ಕೊಟ್ಟು, ಎರಡರಲ್ಲಿ ಒಂದು ತಪ್ಪಿದೆ, ಯಾವ ಮೆಟ್ಟಿಲಿನಲ್ಲಿ ತಪ್ಪಿದೆ, ತಪ್ಪಿದವನು ಹಾಗೆ ಏಕೆ ಯೋಚಿಸಿರಬಹುದು ಎಂದು ಕೇಳಿ ನೋಡಿರಿ. ಮೂರನೆಯ ಪ್ರಶ್ನೆಯ ಮೇಲೆ ಮಕ್ಕಳು ದಿನವಿಡೀ ವಾದಿಸುತ್ತಾರೆ. ಹಾರ್ವರ್ಡಿನ ಭೌತವಿಜ್ಞಾನದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಇದೇ ಬಗೆಯ ಕ್ರಮವನ್ನು ನಡೆಸಿಕೊಂಡು ಬಂದರು: ಮೊದಲು ಪ್ರತಿಯೊಬ್ಬನೂ ತನ್ನ ಉತ್ತರಕ್ಕೆ ಬದ್ಧನಾಗಬೇಕು, ಅನಂತರ ಪಕ್ಕದವನನ್ನು ಒಪ್ಪಿಸಲು ಯತ್ನಿಸಬೇಕು, ಆಮೇಲೆ ಮತ್ತೊಮ್ಮೆ ಉತ್ತರಿಸಬೇಕು.

ಇನ್ನೊಂದು ಉದಾಹರಣೆಯ ಬಳಿ ಹೆಚ್ಚು ಹೊತ್ತು ನಿಲ್ಲಲು ವಾಚಕರು ಅನುಮತಿಸಬೇಕು, ಏಕೆಂದರೆ ದೂರವೇ ಇಲ್ಲಿ ಅನುಕೂಲವಾಗಿ ಪರಿಣಮಿಸುತ್ತದೆ. ನಮ್ಮಂಥ ಸಂಸ್ಥೆಗಳ ವಿದ್ಯಾರ್ಥಿನಿಲಯಗಳಿಗೆ ನಾಲ್ಕಾರು ಜಿಲ್ಲೆಗಳ ಮಕ್ಕಳು ಬರುತ್ತಾರೆ. ಏಪ್ರಿಲ್ ರಜೆ ಬಂತೆಂದರೆ ಚದುರಿ ತಂತಮ್ಮ ಊರುಗಳಿಗೆ ಹೋಗುತ್ತಾರೆ. ಎರಡು ತಿಂಗಳು ಅವರಿಗೂ ಶಾಲೆಗೂ ಸಂಬಂಧವಿಲ್ಲ. ಎಂಟನೆಯ ತರಗತಿ ಮುಗಿಸಿದವರಿಗೆ ಈ ಪ್ರಶ್ನೆಯನ್ನು ಕೊಟ್ಟು ಕಳಿಸಬಹುದು: "ಮಣ್ಣಿನ ಮಡಕೆಯ ನೀರು ತಂಪಾಗುವುದು ಹೇಗೆ? ಕಲಬುರಗಿಯ ಮಡಕೆಯ ನೀರು ಹೆಚ್ಚು ತಂಪಾಗುತ್ತದೆಯೋ ಮಂಗಳೂರಿನದೋ?" ಮೊದಲು ಊಹೆ ಬರೆಯಬೇಕು, ಕಾರಣ ಕೊಡಬೇಕು. ಮಂಗಳೂರಿನಲ್ಲಿ ಸೆಕೆ ಕಡಿಮೆ, ಆದುದರಿಂದ ಅಲ್ಲಿಯ ನೀರೇ ಹೆಚ್ಚು ತಂಪಾದೀತು ಎಂದು ಹೆಚ್ಚಿನವರು ಊಹಿಸುವುದು ಸಹಜ. ಅನಂತರ ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ಮಡಕೆಯ ನೀರಿನ ಉಷ್ಣತೆಯನ್ನೂ ಪಕ್ಕದಲ್ಲಿಟ್ಟ ಸ್ಟೀಲ್ ಪಾತ್ರೆಯ ನೀರಿನ ಉಷ್ಣತೆಯನ್ನೂ ಮಧ್ಯಾಹ್ನ ಮೂರು ಗಂಟೆಗೆ ನೋಡಿ ಗುಂಪಿಗೆ ಕಳಿಸಬೇಕು. ಬಿಸಿಲು 40 ಡಿಗ್ರಿ ದಾಟಿದರೂ ಗಾಳಿ ಒಣಗಿರುವ ಕಲಬುರಗಿಯಲ್ಲಿ ಮಡಕೆಯ ರಂಧ್ರಗಳಿಂದ ನೀರು ಬೇಗನೆ ಆವಿಯಾಗಿ ಶಾಖವನ್ನು ಕೊಂಡೊಯ್ಯುತ್ತದೆ. ಕರಾವಳಿಯ ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಅಲ್ಲಿ ಆ ಕ್ರಿಯೆ ಮಂದ. ಎರಡು ಪಾತ್ರೆಗಳ ನಡುವಣ ವ್ಯತ್ಯಾಸ ಎಲ್ಲಿ ಹೆಚ್ಚು ಎಂಬುದನ್ನು ಅಂಕಿಗಳೇ ಹೇಳಿದಾಗ ಊಹೆ ತಪ್ಪಿದವರು ತಮ್ಮ ಕಾರಣವನ್ನು ತಾವೇ ಮರುಪರಿಶೀಲಿಸಬೇಕಾಗುತ್ತದೆ. ಯಾವ ಒಬ್ಬ ಮಗುವಿನ ಬಳಿಯೂ ಪೂರ್ಣ ಉತ್ತರವಿಲ್ಲ. ಒಬ್ಬರ ಅಂಕಿ ಇನ್ನೊಬ್ಬರಿಗೆ ಬೇಕು. ಒಂದು ಕೊಠಡಿಯಲ್ಲಿ ಕುಳಿತ ಅರವತ್ತು ಮಂದಿಗೆ ಈ ಚರ್ಚೆ ಅಸಾಧ್ಯ, ಅಲ್ಲಿ ಹವೆ ಒಂದೇ.

ಈ ಮಾತು ಇನ್ನೊಂದು ಕಾರಣಕ್ಕೂ ಮುಖ್ಯ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತಂದಿನಿಂದ "ಮಹತ್ವವನ್ನು ಚರ್ಚಿಸಿರಿ" ಎಂಬ ಪ್ರಶ್ನೆಗಳಿಗೆ ಯಂತ್ರವೇ ಕ್ಷಣಾರ್ಧದಲ್ಲಿ ಉತ್ತರ ಬರೆದುಕೊಡುತ್ತಿದೆ. ಅದನ್ನು ಹಿಡಿಯಲು ಪೊಲೀಸು ಕೆಲಸ ಮಾಡುತ್ತ ಕೂಡುವುದು ಅಧ್ಯಾಪಕರಿಗೆ ಶೋಭಿಸದು, ಸಾಧ್ಯವೂ ಆಗದು. ನಿಮ್ಮ ಮನೆಯ ಮಡಕೆಯ ನೀರು ಇಂದು ಎಷ್ಟು ಡಿಗ್ರಿ ಎಂಬುದು ಯಂತ್ರಕ್ಕೆ ತಿಳಿಯದು. ಅಂಕಿಯನ್ನು ಕಲ್ಪಿಸಿ ಬರೆಯುವವನಿದ್ದಾನು. ಆದರೆ ನೆರೆಯೂರಿನ ಮೂವರ ಅಂಕಿಗೆ ಅದು ಹೊಂದದಿದ್ದಾಗ ಕೇಳುವವರು ಅವನ ಗೆಳೆಯರೇ.

ಪ್ರಶ್ನೆಯ ಬಳಿಕ ವ್ಯವಸ್ಥೆ. ಅರವತ್ತು ಮಂದಿಯ ಒಂದೇ ಗುಂಪು ಜಾತ್ರೆಯಾಗುತ್ತದೆ. ಹತ್ತು ಹನ್ನೆರಡು ಮಂದಿಯ ಐದು ಗುಂಪುಗಳಾದರೆ ಪ್ರತಿಯೊಬ್ಬನ ಗೈರುಹಾಜರಿಯೂ ಎದ್ದು ಕಾಣುತ್ತದೆ. ಇತರರ ಉತ್ತರ ನೋಡುವ ಮೊದಲು ತನ್ನ ಉತ್ತರ ಬರೆಯಬೇಕೆಂಬ ನಿಯಮ ಅತ್ಯಗತ್ಯ. 'ಮೂಡಲ್' ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಬಗೆಯ ವೇದಿಕೆ ಇದೆ. ತಾನು ಬರೆಯುವವರೆಗೆ ಅನ್ಯರದು ಕಾಣಿಸದು. ವಾಟ್ಸಪ್ಪಿನಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಬುಧವಾರದೊಳಗೆ ಎಲ್ಲರೂ ಅಧ್ಯಾಪಕರಿಗೆ ಪ್ರತ್ಯೇಕವಾಗಿ ಕಳಿಸಿ, ಗುರುವಾರ ಅವರು ಎಲ್ಲವನ್ನೂ ಒಟ್ಟಿಗೆ ಗುಂಪಿನಲ್ಲಿ ಇಳಿಸಿ, ಭಾನುವಾರದವರೆಗೆ ಪರಸ್ಪರ ಉತ್ತರಕ್ಕೆ ಬಿಡುವು ಕೊಟ್ಟರಾಯಿತು. ವಾರಕ್ಕೆ ಒಂದೇ ಪ್ರಶ್ನೆ ಸಾಕು. ಎರಡು ವಾರಕ್ಕೊಂದಾದರೂ ನಷ್ಟವಿಲ್ಲ.

ಅಧ್ಯಾಪಕರ ಪಾತ್ರ ಇಲ್ಲಿ ಸೂಕ್ಷ್ಮವಾದುದು. ಪ್ರತಿಯೊಂದು ಉತ್ತರಕ್ಕೂ ಕೂಡಲೇ "ಭೇಷ್" ಅಥವಾ "ತಪ್ಪು" ಎಂದು ಬರೆಯುವ ಗುರುಗಳ ಗುಂಪಿನಲ್ಲಿ ಮಕ್ಕಳು ಗುರುಗಳಿಗಷ್ಟೇ ಬರೆಯುತ್ತಾರೆ, ಒಬ್ಬರಿಗೊಬ್ಬರು ಬರೆಯುವುದಿಲ್ಲ. ಪ್ರಶ್ನೆ ಇಟ್ಟು ಮಾಯವಾಗುವ ಗುರುಗಳ ಗುಂಪಿನಲ್ಲಿ ಮೂರನೆಯ ದಿನ ಮಾತು ಸಿನಿಮಾಕ್ಕೂ ಕ್ರಿಕೆಟ್ಟಿಗೂ ತಿರುಗುತ್ತದೆ. ಕೆನಡಾದ ಗ್ಯಾರಿಸನ್, ಆಂಡರ್ಸನ್, ಆರ್ಚರ್ ಎಂಬ ಮೂವರು ಸುಮಾರು 2000ದ ಇಸವಿಯಲ್ಲಿ, ಬರೆಹದ ಚರ್ಚೆ ಫಲಕಾರಿಯಾಗಲು ಚಿಂತನೆಯ ಇರವು, ಪರಸ್ಪರ ಸ್ನೇಹದ ಇರವು, ಗುರುವಿನ ಇರವು ಈ ಮೂರೂ ಕೂಡಬೇಕೆಂದು ಪ್ರತಿಪಾದಿಸಿದರು. ಅದೇ ಕಾಲದಲ್ಲಿ ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾನಿಲಯದ ಅನುಭವದಿಂದ ಬರೆದ ಗಿಲ್ಲಿ ಸಾಮನ್ ಅವರು ಗುರುವಿನ ಕೆಲಸವನ್ನು ನೇಯ್ಗೆಗೆ ಹೋಲಿಸಿದರು. ನೇಕಾರರ ನಾಡಿನವರಾದ ನಮಗೆ ಈ ಹೋಲಿಕೆ ಬೇಗ ಹಿಡಿಸೀತು. ಎಳೆಗಳು ಮಕ್ಕಳವು. ಗುರು ವಾರಕ್ಕೆರಡು ಬಾರಿ ಬಂದು "ಇವಳು ಆವಿಯ ಮಾತೆತ್ತಿದ್ದಾಳೆ, ಅವನು ಗಾಳಿಯ ಮಾತೆತ್ತಿದ್ದಾನೆ, ಇವೆರಡಕ್ಕೂ ಸಂಬಂಧವುಂಟೇ?" ಎಂದು ಒಂದೇ ಸಾಲು ಬರೆದು ಹಿಂದೆ ಸರಿಯಬೇಕು. ಕೊನೆಗೆ ಎಲ್ಲವನ್ನೂ ಕೂಡಿಸಿ ಅರ್ಧ ಪುಟದ ಸಾರಾಂಶ ಬರೆಯುವ ಹೊಣೆಯನ್ನು ಸರದಿಯಂತೆ ಒಬ್ಬೊಬ್ಬ ವಿದ್ಯಾರ್ಥಿಗೆ ಒಪ್ಪಿಸಬಹುದು.

ಅಂಕಗಳ ವಿಚಾರ ಸಂಕ್ಷೇಪವಾಗಿ. "ಒಂದು ಬರೆಹ, ಎರಡು ಪ್ರತ್ಯುತ್ತರ; ಇಲ್ಲದಿದ್ದರೆ ಅಂಕವಿಲ್ಲ" ಎಂಬ ನಿಯಮ ಕಾಲೇಜುಗಳಲ್ಲಿ ಬಹಳ ಬಳಕೆಯಲ್ಲಿದೆ. ಇದರ ಫಲ "ನಿಮ್ಮ ಅಭಿಪ್ರಾಯ ತುಂಬಾ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ" ಎಂಬ ವಾಕ್ಯದ ಅಕ್ಷಯ ಉತ್ಪಾದನೆ. ಎಣಿಕೆಗೆ ಅಂಕ ಕೊಡಲೇಬಾರದು. ಕಾರಣ ಕೊಟ್ಟುದಕ್ಕೆ, ಗೆಳೆಯನ ಮಾತಿನಲ್ಲಿ ಬಿಟ್ಟುಹೋದುದನ್ನು ಗುರುತಿಸಿದುದಕ್ಕೆ, ಎಲ್ಲಕ್ಕಿಂತ ಹೆಚ್ಚಾಗಿ ಸಾಕ್ಷ್ಯವನ್ನು ಕಂಡು ತನ್ನ ನಿಲುವನ್ನು ಬದಲಿಸಿಕೊಂಡುದಕ್ಕೆ ಕೊಡಬೇಕು. ನಿಲುವು ಬದಲಿಸುವುದು ಸೋಲೆಂದು ನಮ್ಮ ಮಕ್ಕಳು ಹಿರಿಯರನ್ನು ನೋಡಿ ಕಲಿತಿದ್ದಾರೆ. ಚುನಾವಣೆಯ ಕಾಲದ ಟಿ.ವಿ. ಚರ್ಚೆಗಳನ್ನು ನೋಡಿದ ಮೇಲೆ ಅವರನ್ನು ಆಕ್ಷೇಪಿಸುವಂತಿಲ್ಲ.

ಇನ್ನು ಅತ್ಯಂತ ಕಠಿನವಾದ ಪ್ರಶ್ನೆಗೆ ಬರುತ್ತೇನೆ. ಈ ಚರ್ಚೆಯಲ್ಲಿ ಪಾಲುಗೊಳ್ಳುವವರು ಯಾರು, ಹೊರಗುಳಿಯುವವರು ಯಾರು? ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತಿನ ವರದಿಯಂತೆ 2017-18ರಲ್ಲಿ ದೇಶದ ಗ್ರಾಮೀಣ ಕುಟುಂಬಗಳ ಪೈಕಿ ಅಂತರ್ಜಾಲ ಸೌಲಭ್ಯವಿದ್ದುದು ಶೇಕಡ 15ರಷ್ಟಕ್ಕೆ ಮಾತ್ರ. ಗಣಕಯಂತ್ರವಿದ್ದುದು ಶೇಕಡ 4.4ಕ್ಕೆ. ಆಮೇಲೆ ಫೋನುಗಳು ಬಹಳ ಹರಡಿವೆ, ನಿಜ. ಆದರೆ ಮನೆಯಲ್ಲಿ ಫೋನು ಇರುವುದು ಬೇರೆ, ಮಗಳ ಕೈಗೆ ಫೋನು ಸಿಗುವುದು ಬೇರೆ. ತಂದೆ ಹೊಲದಿಂದ ಬಂದ ಮೇಲೆ, ಅಣ್ಣ ನೋಡಿ ಮುಗಿಸಿದ ಮೇಲೆ, ಅಡುಗೆಮನೆಯ ಕೆಲಸ ತೀರಿದ ಮೇಲೆ ಉಳಿದ ಅರ್ಧ ತಾಸು ಅವಳದು. ಏಕಕಾಲದ ತೆರೆಭೇಟಿ ಅವಳನ್ನು ಹೊರಗಿಡುತ್ತದೆ. ನಾಲ್ಕು ದಿನ ತೆರೆದಿರುವ ಬರೆಹದ ಚರ್ಚೆ ಅವಳಿಗಾಗಿ ಕಾಯುತ್ತದೆ. ಬರೆಹದ ಪಕ್ಷವನ್ನು ನಾನು ಇಷ್ಟು ಹಟದಿಂದ ಹಿಡಿಯುವುದಕ್ಕೆ ಮುಖ್ಯ ಕಾರಣ ಇದು. ಫೋನೇ ಇಲ್ಲದವರಿದ್ದರೆ ಹಾಳೆಯ ಮೇಲೆ ಬರೆದುದನ್ನು ನೆರೆಯ ಗೆಳತಿ ಚಿತ್ರ ತೆಗೆದು ಕಳಿಸಲಿ. ಅಂಚೆ ಕಾರ್ಡಾದರೂ ಬರಲಿ, ಗುರುಗಳು ಅದನ್ನು ಗುಂಪಿಗೆ ಇಳಿಸಲಿ. ಬರೆದವರು ಒಳಗಿರಬೇಕೇ ಹೊರತು ಉಪಕರಣವಿದ್ದವರು ಮಾತ್ರ ಒಳಗಿರುವಂತಾಗಬಾರದು.

ಭಾಷೆಯ ವಿಷಯದಲ್ಲಿಯೂ ಉದಾರರಾಗಬೇಕು. ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೂಢಿ ಮಕ್ಕಳಲ್ಲಿ ಬಲವಾಗಿದೆ. ಗದರಿಸಿದರೆ ಬರೆಯುವುದನ್ನೇ ಬಿಡುತ್ತಾರೆ. ಫೋನುಗಳಲ್ಲಿ ಕನ್ನಡ ಕೀಲಿಮಣೆಯೂ, ನುಡಿದುದನ್ನು ಅಕ್ಷರವಾಗಿಸುವ ಸೌಕರ್ಯವೂ ಇವೆ; ಒಂದು ಅವಧಿಯನ್ನು ಅದನ್ನು ಕಲಿಸುವುದಕ್ಕೇ ವಿನಿಯೋಗಿಸಿದರೆ ಆ ತೊಂದರೆ ಬಹುಮಟ್ಟಿಗೆ ನೀಗುತ್ತದೆ. ಬೀದರಿನ ಹುಡುಗ ತನ್ನೂರ ಮಾತಿನಲ್ಲಿಯೇ ಬರೆಯಲಿ, ಕುಂದಾಪುರದವನು ತನ್ನ ಮಾತಿನಲ್ಲಿ. ಗ್ರಂಥಸ್ಥ ಕನ್ನಡವನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನೋಡೋಣ. ಕಾಗುಣಿತವನ್ನು ಎಲ್ಲರೆದುರಿಗೆ ತಿದ್ದಿದ ಮಗು ಮತ್ತೆ ಗುಂಪಿನಲ್ಲಿ ಬರೆಯುವುದಿಲ್ಲ. ಬರೆಯಲು ತೀರ ಹಿಂಜರಿಯುವವರಿಗೆ ಒಂದು ನಿಮಿಷದ ಧ್ವನಿ ಸಂದೇಶವೂ ಸಲ್ಲಬೇಕು.

ಮರ್ಯಾದೆಯ ಮಾತೂ ಒಂದಿದೆ. ಎದುರಿಗೆ ಕುಳಿತಾಗ "ಇಲ್ಲಪ್ಪಾ, ಹಾಗಲ್ಲ" ಎಂದು ನಗುತ್ತ ಹೇಳುವುದು, ಬರೆದಾಗ ಮುಖವಿಲ್ಲದೆ ಒರಟಾಗಿ ಕೇಳಿಸುತ್ತದೆ. ಆದುದರಿಂದ ಭಿನ್ನಾಭಿಪ್ರಾಯವನ್ನು ಬರೆಯುವ ಬಗೆಯನ್ನು ಮೊದಲೇ ಕಲಿಸಬೇಕು: ಎದುರಾಳಿಯ ಮಾತನ್ನು ತನ್ನ ಮಾತಿನಲ್ಲಿ ಮೊದಲು ಹೇಳಿ, ಅವನು "ಹೌದು, ಅದೇ ನನ್ನ ಅಭಿಪ್ರಾಯ" ಎಂದು ಒಪ್ಪಿದ ಮೇಲೆಯೇ ಖಂಡಿಸುವುದು. ನಮ್ಮ ಹಳೆಯ ಶಾಸ್ತ್ರಗ್ರಂಥಗಳು ಪೂರ್ವಪಕ್ಷವೆಂದು ಕರೆದುದು ಇದನ್ನೇ. ಗುಂಪಿನ ಬರೆಹ ಗುಂಪಿನಾಚೆ ಹೋಗಬಾರದೆಂಬ ಕಟ್ಟುಪಾಡು, ರಾತ್ರಿ ಒಂಬತ್ತರ ಮೇಲೆ ಗುಂಪು ಮುಚ್ಚಿರಬೇಕೆಂಬ ನಿಯಮ, ಪಾಲಕರ ಲಿಖಿತ ಒಪ್ಪಿಗೆ ಇವು ಅವಶ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹದಿನೆಂಟರ ಒಳಗಿನವರ ಮಾಹಿತಿಯ ಬಳಕೆಗೆ ತಂದೆತಾಯಿಗಳ ಸಮ್ಮತಿಯನ್ನು ವಿಧಿಸಿದೆ. ಹೆಣ್ಣುಮಕ್ಕಳ ಫೋನ್ ನಂಬರು ಇಡೀ ಗುಂಪಿಗೆ ಕಾಣುವ ವಾಟ್ಸಪ್ಪಿಗಿಂತ, ನಂಬರು ಕಾಣದ ಮೂಡಲ್ ಅಥವಾ ಗೂಗಲ್ ಕ್ಲಾಸ್‌ರೂಮ್ ಲೇಸು.

ಈ ಸಂಚಿಕೆಯನ್ನು ಓದುವವರಲ್ಲಿ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇರುವುದರಿಂದ ಅವರ ಮುಂದೆ ಒಂದು ಲೆಕ್ಕವನ್ನಿಡುತ್ತೇನೆ. ಅರವತ್ತು ವಿದ್ಯಾರ್ಥಿಗಳು, ವಾರಕ್ಕೆ ತಲಾ ಎರಡು ಬರೆಹ. ಒಂದನ್ನು ಓದಿ ಮನಸ್ಸಿಗೆ ತಂದುಕೊಳ್ಳಲು ಎರಡು ನಿಮಿಷ. ಒಟ್ಟು 240 ನಿಮಿಷ, ಅಂದರೆ ನಾಲ್ಕು ತಾಸು. ಇದು ಒಂದು ತರಗತಿಗೆ, ಒಂದು ವಿಷಯಕ್ಕೆ. ಮೂರು ವಿಭಾಗಗಳನ್ನು ನೋಡಿಕೊಳ್ಳುವ ಅಧ್ಯಾಪಕರಿಗೆ ಹನ್ನೆರಡು ತಾಸು! ಪಾಠ, ಉತ್ತರಪತ್ರಿಕೆ, ಸಮೀಕ್ಷೆ, ಗಣತಿಗಳ ನಡುವೆ ಈ ಹನ್ನೆರಡು ತಾಸು ಎಲ್ಲಿಂದ ಬರಬೇಕು? ಚರ್ಚೆಗಳು ಸಾಯುವುದು ತಂತ್ರಜ್ಞಾನದ ಕೊರತೆಯಿಂದಲ್ಲ, ಓದುವವರಿಲ್ಲದೆ. ತಾನು ಬರೆದುದನ್ನು ಯಾರೂ ಓದುವುದಿಲ್ಲವೆಂದು ಮಗುವಿಗೆ ಒಮ್ಮೆ ತಿಳಿದರೆ ಮುಗಿಯಿತು.

ಮಹನೀಯರು ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಲು ಉತ್ಸುಕರಾಗಿರುತ್ತಾರೆ. ಗೋಡೆಯ ಮೇಲೆ ನಿಲ್ಲುತ್ತದೆ, ಕೆಳಗೆ ದಾನಿಗಳ ಹೆಸರು ಬರೆಯಲು ಜಾಗವಿರುತ್ತದೆ. ಆ ಔದಾರ್ಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಬೋರ್ಡ್ ಇನ್ನೂ ಚೆಂದವಾಗಿ ಹೇಳುವುದಕ್ಕೆ ನೆರವಾಗುವ ಸಾಧನ, ಕೇಳುವುದಕ್ಕಲ್ಲ. ಅದೇ ಹಣದಲ್ಲಿ ಒಬ್ಬ ಯುವ ಪದವೀಧರರನ್ನು ಒಂದು ವರ್ಷ ಅರೆಕಾಲಿಕವಾಗಿ ನೇಮಿಸಿ ಅಧ್ಯಾಪಕರ ಕೆಲವು ಅವಧಿಗಳ ಭಾರವನ್ನು ಇಳಿಸಬಹುದು. ವಿದ್ಯಾರ್ಥಿನಿಲಯದ ಗ್ರಂಥಾಲಯದಲ್ಲಿ ಸರದಿಯಂತೆ ಬಳಸುವ ನಾಲ್ಕು ಟ್ಯಾಬ್ಲೆಟ್ಟುಗಳನ್ನಿಡಬಹುದು. ರಜೆಯ ಎರಡು ತಿಂಗಳು ಬಡಮಕ್ಕಳ ಫೋನಿಗೆ ರೀಚಾರ್ಜ್ ಮಾಡಿಸಬಹುದು. ಇವುಗಳ ಕೆಳಗೆ ಹೆಸರು ಬರೆಯಲು ಜಾಗವಿಲ್ಲ ಎಂಬುದೊಂದೇ ತೊಡಕು.

ಹಳೆಯ ವಿದ್ಯಾರ್ಥಿಗಳಿಂದ ಹಣಕ್ಕಿಂತಲೂ ಹೆಚ್ಚಿನದನ್ನು ಅಪೇಕ್ಷಿಸಬಹುದು. ಬೆಂಗಳೂರಿನಲ್ಲೋ ಪುಣೆಯಲ್ಲೋ ಹೊರದೇಶದಲ್ಲೋ ಇರುವ ಎಂಜಿನಿಯರು, ವೈದ್ಯರು, ನ್ಯಾಯವಾದಿಗಳು ವರ್ಷಕ್ಕೆ ಒಂದು ವಾರ ಒಂದು ಗುಂಪಿನ ಅತಿಥಿಯಾಗಲಿ. ಅವರಿಗೂ ನಿಯಮವುಂಟು: ಭಾಷಣ ಕೂಡದು, ತಮ್ಮ ಯಶಸ್ಸಿನ ಕಥೆ ಕೂಡದು, ಮಕ್ಕಳು ಬರೆದುದನ್ನು ಮೊದಲು ಪೂರ್ತಿಯಾಗಿ ಓದಬೇಕು, ಆಮೇಲೆ ಪ್ರಶ್ನೆಯ ರೂಪದಲ್ಲಿಯೇ ಬರೆಯಬೇಕು. ಇದು ಕೆಲವರಿಗೆ ಕಷ್ಟವಾದೀತು. ಅತಿಥಿಗಳು ಮಕ್ಕಳೊಡನೆ ಪ್ರತ್ಯೇಕವಾಗಿ ಪತ್ರವ್ಯವಹಾರ ನಡೆಸಕೂಡದು. ಬರೆಯುವುದೆಲ್ಲ ಗುಂಪಿನಲ್ಲಿ, ಗುರುಗಳ ಸಮಕ್ಷಮದಲ್ಲಿ.

ಬರುವ ಏಪ್ರಿಲ್ ರಜೆಗೆ ಒಂದೇ ತರಗತಿ, ಒಂದೇ ಪ್ರಶ್ನೆಯಿಂದ ಆರಂಭಿಸಬಹುದು. ಮಡಕೆಯ ಪ್ರಶ್ನೆಯೇ ಆಗಲಿ. ಬೇಕಾಗುವುದು ಗುಂಪಿಗೆ ಎರಡು ಮೂರು ಉಷ್ಣತಾಮಾಪಕಗಳು. ಅವು ಪ್ರಯೋಗಶಾಲೆಯಲ್ಲಿವೆ, ಪಾದರಸದವನ್ನು ಬಿಟ್ಟು ಆಲ್ಕೊಹಾಲಿನವನ್ನೇ ಕೊಡಬೇಕು, ಒಡೆದರೆ ಅಪಾಯವಿಲ್ಲ. ಮಾಪಕ ಸಿಗದವರು ಎರಡು ಪಾತ್ರೆಗಳಲ್ಲಿ ಕೈಯದ್ದಿ ವ್ಯತ್ಯಾಸವನ್ನು ಮಾತಿನಲ್ಲಿ ಬರೆಯಲಿ, ಅದೂ ಸಾಕ್ಷ್ಯವೇ. ಮಡಕೆಯನ್ನು ಆಯಾ ಊರಿನ ಕುಂಬಾರರಿಂದ ಕೊಳ್ಳಬಹುದು. ಬಣ್ಣ ಬಳಿದ ಮಡಕೆ ಬೇಡ, ಬಣ್ಣವು ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹೊಸದಾದರೆ ಒಂದು ಇಡೀ ದಿನ ನೀರು ತುಂಬಿಸಿಟ್ಟು ಚೆಲ್ಲಿ, ಮರುದಿನದಿಂದ ಅಂಕಿಗಳನ್ನು ಬರೆದುಕೊಳ್ಳಲು ತೊಡಗಬೇಕು.